ಮನೆಯಲ್ಲೇ ಮಾರುತಿ 800ಕ್ಕೆ ಸ್ಪಾರ್ಕ್ ಪ್ಲಗ್ ಹಾಕುವುದು: ಮೊದಲು ಕೈ, ಆಮೇಲೆ ಸ್ಪ್ಯಾನರ್

ಎಮಿಷನ್ ಟೆಸ್ಟ್ ಮಾಡುವ ಹುಡುಗ ಸೈಲೆನ್ಸರ್ ಒಳಗೆ ಕಡ್ಡಿ ತೂರಿಸಿದ, ಕಂಪ್ಯೂಟರ್ ನೋಡಿದ, ಕಡ್ಡಿ ತೆಗೆದು ಮತ್ತೆ ತೂರಿಸಿದ. ಆಮೇಲೆ ಹೇಳಿದ, "ಸರ್, ಗಾಡಿ ಮಿಸ್ ಹೊಡೀತಾ ಇದೆ. ಪ್ಲಗ್ ನೋಡಿಸ್ಕೊಂಡು ಬನ್ನಿ, ಆಮೇಲೆ ಮಾಡೋಣ." ಅದು ನನಗೂ ಗೊತ್ತಿತ್ತು. ಎರಡು ವಾರದಿಂದ ಬೆಳಿಗ್ಗೆ ಚೋಕ್ ಎಳೆದರೂ ನಾಲ್ಕೈದು ಸಲ ಸೆಲ್ಫ್ ಹೊಡೆಯಬೇಕಿತ್ತು. ಸಿಗ್ನಲ್‌ನಲ್ಲಿ ನಿಂತರೆ ಸ್ಟಿಯರಿಂಗ್ ಗಡಗಡ ನಡುಗುತ್ತಿತ್ತು, ಸ್ವಲ್ಪ ಏರು ಬಂದರೂ ಮೂರನೇ ಗೇರ್ ಎಳೆಯುತ್ತಿರಲಿಲ್ಲ. ಗೊತ್ತಿದ್ದೂ ಸುಮ್ನಿದ್ದೆ, ಅಷ್ಟೇ.

ನಮ್ಮದು 1998ರ ಮಾರುತಿ 800, ಕಾರ್ಬುರೇಟರ್ ಗಾಡಿ, ಅಂದರೆ ಗಾಳಿಗೆ ಪೆಟ್ರೋಲ್ ಬೆರೆಸುವುದು ಕಂಪ್ಯೂಟರ್ ಅಲ್ಲ, ಕಾರ್ಬುರೇಟರ್. ಈ ಕಾರಿನ ಮೊದಲನೆಯದು 1983ರ ಡಿಸೆಂಬರ್‌ನಲ್ಲಿ ಹೊರಬಂತು, ಕೊನೆಯದು 2014ರ ಜನವರಿಯಲ್ಲಿ. ಮೂವತ್ತು ವರ್ಷ ಅದೇ 796 ಸಿಸಿ, ಅದೇ ಮೂರು ಸಿಲಿಂಡರ್. ಹಾಗಾಗಿ ಇವತ್ತಿಗೂ ಯಾವ ಊರಿಗೆ ಹೋದರೂ ಪಾರ್ಟ್ಸ್ ಸಿಗುತ್ತದೆ, ಬಾನೆಟ್ ಎತ್ತಿದರೆ ಒಳಗೆ ಕೈ ಆಡಿಸಲು ಜಾಗವೂ ಇದೆ. ಮನೆಯಲ್ಲಿ ಸ್ಪ್ಯಾನರ್ ಹಿಡಿದು ಕಲಿಯುವುದಕ್ಕೆ ಇದಕ್ಕಿಂತ ಒಳ್ಳೆ ಗಾಡಿ ನನಗೆ ಗೊತ್ತಿಲ್ಲ. ಆದ್ದರಿಂದ ಇದನ್ನೇ ಇಟ್ಟುಕೊಂಡು ಹೇಳುತ್ತೇನೆ. ನಿಮ್ಮ ಹತ್ತಿರ ಹಳೇ ಝೆನ್ ಇದ್ದರೂ, ಆಮ್ನಿ ಇದ್ದರೂ ಕೆಲಸ ಹೆಚ್ಚು ಕಡಿಮೆ ಇದೇ. ಆಮ್ನಿಯಲ್ಲಿ ಎಂಜಿನ್ ಸೀಟಿನ ಕೆಳಗಿದೆ, ಬೆನ್ನು ನೋವು ಸ್ವಲ್ಪ ಜಾಸ್ತಿ.

ಮೊದಲು ಪ್ಲಗ್ ಏನು ಮಾಡುತ್ತದೆ ಅಂತ ಎರಡು ಮಾತು. ಬ್ಯಾಟರಿಯ 12 ವೋಲ್ಟನ್ನು ಇಗ್ನಿಷನ್ ಕಾಯಿಲ್ 15-20 ಸಾವಿರ ವೋಲ್ಟಿಗೆ ಏರಿಸುತ್ತದೆ. ಡಿಸ್ಟ್ರಿಬ್ಯೂಟರ್ ಅದನ್ನು ಸರದಿ ಪ್ರಕಾರ ಮೂರು ಪ್ಲಗ್‌ಗೆ ಹಂಚುತ್ತದೆ. ಪ್ಲಗ್ ತುದಿಯಲ್ಲಿ ನಡುವಿನ ಕಡ್ಡಿಗೂ ಪಕ್ಕದ ಕೊಕ್ಕೆಗೂ ಮಧ್ಯೆ ಒಂದು ಸಣ್ಣ ಸಂದು ಇದೆ. ಆ ಸಂದನ್ನು ಕರೆಂಟ್ ಹಾರಿ ದಾಟುವಾಗ ಕಿಡಿ ಬರುತ್ತದೆ, ಪೆಟ್ರೋಲ್ ಹತ್ತಿಕೊಳ್ಳುತ್ತದೆ. ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗುತ್ತಿದ್ದರೆ ಒಂದೊಂದು ಪ್ಲಗ್ 1500 ಸಲ ಕಿಡಿ ಹಾರಿಸುತ್ತದೆ. ಪ್ರತಿ ಕಿಡಿಗೂ ಲೋಹ ಕಣ್ಣಿಗೆ ಕಾಣದಷ್ಟು ಸವೆಯುತ್ತದೆ, ಸಂದು ದೊಡ್ಡದಾಗುತ್ತಾ ಹೋಗುತ್ತದೆ, ಕೊನೆಗೆ ಒಂದು ದಿನ ಕರೆಂಟ್‌ಗೆ ಹಾರಲು ಆಗುವುದಿಲ್ಲ. ಹತ್ತದ ಪೆಟ್ರೋಲ್ ಹಾಗೇ ಸೈಲೆನ್ಸರ್‌ನಿಂದ ಹೊರಗೆ ಹೋಗುತ್ತದೆ. ಎಮಿಷನ್ ಹುಡುಗನ ಕಂಪ್ಯೂಟರ್‌ನಲ್ಲಿ ಏರಿದ್ದು ಅದೇ. ನಾಲ್ಕು ಸಿಲಿಂಡರ್ ಗಾಡಿಯಲ್ಲಿ ಒಂದು ಸತ್ತರೂ ಹೇಗೋ ಓಡುತ್ತದೆ. ನಮ್ಮದರಲ್ಲಿ ಇರುವುದೇ ಮೂರು, ಶಕ್ತಿ 40 ಬಿಎಚ್‌ಪಿಯ ಒಳಗೆ, ಅದರಲ್ಲಿ ಒಂದು ಕೈಕೊಟ್ಟರೆ ಉಳಿಯುವುದು ಏನು ಹೇಳಿ.

ಆದರೆ ಮಿಸ್ ಹೊಡೆದ ತಕ್ಷಣ ಪ್ಲಗ್‌ನ ಮೇಲೇ ತಪ್ಪು ಹೊರಿಸಬೇಡಿ. ಪ್ಲಗ್ ವಯರ್ ಹಳತಾಗಿ ಬಿರುಕು ಬಿಟ್ಟಿದ್ದರೂ ಇದೇ ಲಕ್ಷಣ. ಇದಕ್ಕೆ ಖರ್ಚಿಲ್ಲದ ಒಂದು ಪರೀಕ್ಷೆ ಇದೆ. ರಾತ್ರಿ ಲೈಟ್ ಆರಿಸಿ, ಬಾನೆಟ್ ಎತ್ತಿ, ಬಯಲಿನಲ್ಲೇ ಎಂಜಿನ್ ಐಡ್ಲಿಂಗ್‌ನಲ್ಲಿ ಬಿಡಿ, ಶೆಡ್ ಒಳಗೆ ಬಾಗಿಲು ಹಾಕಿಕೊಂಡು ಮಾತ್ರ ಬೇಡ. ಕಣ್ಣು ಕತ್ತಲೆಗೆ ಹೊಂದಿಕೊಂಡ ಮೇಲೆ ವಯರ್‌ಗಳನ್ನು ನೋಡುತ್ತಾ ಹೋಗಿ. ಎಲ್ಲಾದರೂ ನೀಲಿ ಮಿಂಚು ಚಕ್ ಚಕ್ ಅಂದರೆ ಕರೆಂಟ್ ಅಲ್ಲಿಂದ ಸೋರುತ್ತಿದೆ ಅಂತ ಅರ್ಥ. ಮಳೆಗಾಲದಲ್ಲಿ ಮಾತ್ರ ಮಿಸ್ ಹೊಡೆಯುವ ಗಾಡಿಗಳಲ್ಲಿ ಬಹಳ ಸಲ ತೊಂದರೆ ಇರುವುದು ಇಲ್ಲೇ, ಅಥವಾ ಡಿಸ್ಟ್ರಿಬ್ಯೂಟರ್ ಕ್ಯಾಪ್ ಒಳಗಿನ ತೇವದಲ್ಲಿ. ನೋಡುವಾಗ ಕೈ ಮಾತ್ರ ಹಾಕಬೇಡಿ. ಆ ಶಾಕ್ ಒಂದು ಸಲ ತಿಂದವರು ಎರಡನೇ ಸಲ ಬಾನೆಟ್ ಎತ್ತಲೂ ಯೋಚನೆ ಮಾಡುತ್ತಾರೆ.

ವಯರ್ ಸರಿ ಇದೆ, ಪ್ಲಗ್ ಹಾಕಿ 20-25 ಸಾವಿರ ಕಿ.ಮೀ. ಮೇಲಾಗಿದೆ ಅಂದರೆ ಯೋಚನೆ ಬೇಡ, ಬದಲಿಸಿ. ಸಾದಾ ನಿಕಲ್ ಪ್ಲಗ್‌ನ ಆಯಸ್ಸು ಹೆಚ್ಚು ಕಡಿಮೆ ಅಷ್ಟೇ. ಇರಿಡಿಯಮ್ ಪ್ಲಗ್ ಅಂತ ಸಿಗುತ್ತದೆ, ಬೆಲೆ ಎಷ್ಟೋ ಪಟ್ಟು ಜಾಸ್ತಿ, ಅಷ್ಟೇ ಹೆಚ್ಚು ಬಾಳಿಕೆಯೂ ಬರುತ್ತದೆ. ಆದರೆ ಕಾರ್ಬುರೇಟರ್ ಗಾಡಿಗೆ ನಾನು ಅದನ್ನು ಹಾಕುವುದಿಲ್ಲ. ಕಾರ್ಬುರೇಟರ್ ಟ್ಯೂನಿಂಗ್ ಸ್ವಲ್ಪ ಹೆಚ್ಚು ಕಡಿಮೆಯಾದರೂ ಪ್ಲಗ್‌ಗೆ ಮಸಿ ಹಿಡಿಯುತ್ತದೆ, ದುಬಾರಿ ಪ್ಲಗ್‌ಗೂ ಹಿಡಿಯುತ್ತದೆ. ಅದರ ಬದಲು ಸಾದಾ ಪ್ಲಗ್ ಹಾಕಿ, ಆಗಾಗ ಬಿಚ್ಚಿ ನೋಡುವುದೇ ವಾಸಿ.

ಯಾವ ಪ್ಲಗ್ ಅಂತ ತಿಳಿಯಲು ಗಾಡಿಯ ಪುಸ್ತಕ ನೋಡಿ. ಪುಸ್ತಕ ಇಲ್ಲದಿದ್ದರೆ ಅಂಗಡಿಯಲ್ಲಿ ಗಾಡಿ, ವರ್ಷ, ಕಾರ್ಬುರೇಟರೋ ಎಂಪಿಎಫ್‌ಐಯೋ (ಕಂಪ್ಯೂಟರ್ ಲೆಕ್ಕದಲ್ಲಿ ಪೆಟ್ರೋಲ್ ಚಿಮ್ಮಿಸುವ ಎಂಜಿನ್) ಅಂತ ಹೇಳಿದರೆ ಪಟ್ಟಿ ನೋಡಿ ಕೊಡುತ್ತಾರೆ. ಈಗಿರುವ ಹಳೇ ಪ್ಲಗ್‌ನ ನಂಬರನ್ನೇ ನಂಬಬೇಡಿ, ಹಿಂದೆ ಹಾಕಿದವರು ಕೈಗೆ ಸಿಕ್ಕಿದ್ದನ್ನು ಹಾಕಿರಬಹುದು. ಪ್ಲಗ್ ಮೇಲಿನ ಕೋಡ್ ಓದಲು ಕಲಿತರೆ ಮೋಸ ಹೋಗುವುದು ಕಡಿಮೆ. ಎನ್‌ಜಿಕೆ ಕಂಪನಿಯ ಬಿಪಿಆರ್6ಇಎಸ್ ಅನ್ನುವ ಕೋಡನ್ನೇ ತೆಗೆದುಕೊಳ್ಳಿ. ಬಿ ಅಂದರೆ 14 ಮಿ.ಮೀ. ಥ್ರೆಡ್. ಪಿ ಅಂದರೆ ಬಿಳಿ ಪಿಂಗಾಣಿ ಮೂಗು ಸ್ವಲ್ಪ ಹೊರಗೆ ಚಾಚಿದೆ ಅಂತ. ಆರ್ ಅಂದರೆ ಒಳಗೆ ರೆಸಿಸ್ಟರ್ ಇದೆ, ರೇಡಿಯೋದಲ್ಲಿ ಕೊರಕೊರ ಬರಬಾರದು ಅಂತ. 6 ಎಂಬುದು ಶಾಖದ ಅಂಕಿ. ಇ ಅಂದರೆ ಥ್ರೆಡ್ 19 ಮಿ.ಮೀ. ಉದ್ದ. ಈ ಉದ್ದ ತಪ್ಪಿದರೆ ಕಷ್ಟ. ಗಿಡ್ಡ ಪ್ಲಗ್ ಹಾಕಿದರೆ ಕಿಡಿ ಗೂಡಿನೊಳಗೇ ಉಳಿಯುತ್ತದೆ, ಉದ್ದದ್ದು ಹಾಕಿದರೆ ಪಿಸ್ಟನ್‌ಗೆ ಬಡಿದರೂ ಬಡಿಯಬಹುದು.

ಶಾಖದ ಅಂಕಿಯಲ್ಲಿ ಒಂದು ತಮಾಷೆ ಇದೆ. ಎನ್‌ಜಿಕೆಯಲ್ಲಿ ಅಂಕಿ ಏರಿದಷ್ಟೂ ಪ್ಲಗ್ ತಣ್ಣಗೆ. ಬಾಷ್‌ನಲ್ಲಿ ಉಲ್ಟಾ, ಅಂಕಿ ಏರಿದಷ್ಟೂ ಬಿಸಿ. ಒಂದು ಕಂಪನಿಯ 7 ತೆಗೆದು ಇನ್ನೊಂದರ 7 ಹಾಕಿದರೆ ಎರಡೂ ಒಂದೇ ಅಂದುಕೊಳ್ಳಬೇಡಿ. ಪ್ಲಗ್‌ನ ಮೂಗು ಸುಮಾರು 450 ಡಿಗ್ರಿ ದಾಟಿದರೆ ಮೇಲೆ ಕೂತ ಮಸಿ ತಾನಾಗಿಯೇ ಸುಟ್ಟುಹೋಗುತ್ತದೆ. 850ರ ಆಚೆ ಹೋದರೆ ಕಿಡಿ ಬರುವ ಮೊದಲೇ ಪೆಟ್ರೋಲ್ ಹತ್ತಿಕೊಳ್ಳುವ ಅಪಾಯ. ಎರಡರ ನಡುವೆ ಇರಬೇಕು. ಮಗುವನ್ನು ಸ್ಕೂಲಿಗೆ ಬಿಡಲು, ತರಕಾರಿ ತರಲು ಅಂತ ದಿನಾ ಎರಡು ಕಿ.ಮೀ. ಮಾತ್ರ ಓಡುವ ಗಾಡಿಯ ಪ್ಲಗ್ ಯಾಕೆ ಅಷ್ಟು ಬೇಗ ಕಪ್ಪಾಗುತ್ತದೆ ಅಂದರೆ ಇದೇ ಕಾರಣ. ಅದು 450 ಮುಟ್ಟುವುದೇ ಇಲ್ಲ.

ನಮ್ಮ ಕಡೆಯ ಹಳೇ ಮೆಕ್ಯಾನಿಕ್‌ಗಳು ಈಗಲೂ "ಮೈಕೋ ಪ್ಲಗ್ ತಗೊಂಬನ್ನಿ" ಅಂತಾರೆ. ಬೆಂಗಳೂರಿನ ಆಡುಗೋಡಿಯ ಮೈಕೋ, 1951ರಲ್ಲಿ ಶುರುವಾದ ಕಂಪನಿ. 2008ರಲ್ಲಿ ಹೆಸರು ಬಾಷ್ ಅಂತಾಯಿತು, ಆದರೂ ಬಾಯಲ್ಲಿ ಮೈಕೋ ಉಳಿದಿದೆ, ಮೈಕೋ ಲೇಔಟ್ ಉಳಿದ ಹಾಗೆ. ಬೆಂಗಳೂರಿನವರು ಜೆ.ಸಿ. ರಸ್ತೆಗೆ ಹೋದರೆ ಬೇಕಾದ್ದು ಸಿಗುತ್ತದೆ. ಬೇಡವಾದ್ದೂ ಸಿಗುತ್ತದೆ, ಅಂದರೆ ಡೂಪ್ಲಿಕೇಟ್. ಡಬ್ಬಿ ತೆಗೆಸಿ ನೋಡಿ. ಪಿಂಗಾಣಿ ಮೇಲಿನ ಅಕ್ಷರ ಉಗುರಲ್ಲಿ ಕೆರೆದರೆ ಏಳಬಾರದು. ನಡುವಿನ ಕಡ್ಡಿ ಮತ್ತು ಕೊಕ್ಕೆ ಒಂದೇ ನೇರಕ್ಕೆ ಇರಬೇಕು. ಥ್ರೆಡ್ ಮೇಲಿನ ವಾಷರ್ ಸಡಿಲವಾಗಿ ತಿರುಗಿದರೂ ಕಳಚಿ ಕೈಗೆ ಬರಬಾರದು. ಮತ್ತೆ, ಬಿಲ್ ಕೊಡದೆ ಅರ್ಧ ಬೆಲೆಗೆ ಕೊಡುತ್ತೇನೆ ಅಂದರೆ ಸುಮ್ನೆ ಎದ್ದು ಬನ್ನಿ. ನಾನು ಈ ಸಲ ಮೂರು ಪ್ಲಗ್‌ಗೆ ಕೊಟ್ಟಿದ್ದು ಒಟ್ಟು ಐನೂರರ ಒಳಗೆ. ಮೂರನ್ನೂ ಒಟ್ಟಿಗೆ ಬದಲಿಸಿ, ಕೆಟ್ಟದ್ದು ಒಂದೇ ಆದರೂ.

ಸಾಮಾನು ಹೆಚ್ಚೇನಿಲ್ಲ. 21ರ ಪ್ಲಗ್ ಸ್ಪ್ಯಾನರ್ ಬೇಕು, ಉದ್ದ ಕೊಳವೆಯ ಥರ ಇದ್ದು ಮೇಲೆ ಅಡ್ಡಕಡ್ಡಿ ತೂರಿಸುವಂಥದ್ದು. ಮನೆಯಲ್ಲಿ ಹಳೇ ಸ್ಕೂಟರ್ ಇದ್ದಿದ್ದರೆ ಅದರ ಸ್ಪ್ಯಾನರ್ ಸಾಮಾನ್ಯವಾಗಿ ಇದೇ ಅಳತೆ, ಅಟ್ಟದ ಮೇಲೆ ಹುಡುಕಿ. ಒಂದು ಫೀಲರ್ ಗೇಜ್ (ಸಂದು ಅಳೆಯುವ ತೆಳು ಪಟ್ಟಿಗಳ ಕಟ್ಟು), ಸೈಕಲ್ ಪಂಪ್, ಬಳಸದ ಪೇಂಟ್ ಬ್ರಷ್, ಬಟ್ಟೆ ಚೂರು, ಪೆನ್ನು, ಟೇಪ್, ಹಳೇ ಪೇಪರ್. ಇನ್ನೊಂದು ಮುಖ್ಯವಾದದ್ದು, ಒಂದು ಗೇಣು ಉದ್ದದ ರಬ್ಬರ್ ಪೆಟ್ರೋಲ್ ಪೈಪ್, ಪ್ಲಗ್‌ನ ತಲೆಗೆ ಬಿಗಿಯಾಗಿ ಕೂರುವಂಥದ್ದು. ಅದು ಯಾಕೆ ಅಂತ ಆಮೇಲೆ ಹೇಳುತ್ತೇನೆ. ಎಷ್ಟು ಬಲ ಹಾಕಿ ಬಿಗಿ ಮಾಡುತ್ತಿದ್ದೇವೆ ಅಂತ ತೋರಿಸುವ ಟಾರ್ಕ್ ರೆಂಚ್ ಇದ್ದರೆ ಒಳ್ಳೇದು, ಇಲ್ಲದಿದ್ದರೂ ನಡೆಯುತ್ತದೆ.

ಕೆಲಸ ಬೆಳಿಗ್ಗೆ ಇಟ್ಟುಕೊಳ್ಳಿ, ಗಾಡಿ ತೆಗೆಯುವ ಮೊದಲು. ಈ ಎಂಜಿನ್‌ನ ಹೆಡ್, ಅಂದರೆ ಸಿಲಿಂಡರ್‌ಗಳ ಮೇಲಿನ, ಪ್ಲಗ್ ಕೂರುವ ಭಾಗ, ಅಲ್ಯೂಮಿನಿಯಮ್‌ನದ್ದು, ಪ್ಲಗ್ ಉಕ್ಕಿನದ್ದು. ಬಿಸಿಯಲ್ಲಿ ಅಲ್ಯೂಮಿನಿಯಮ್ ಮೆತ್ತಗಿರುತ್ತದೆ. ಆ ಸಮಯದಲ್ಲಿ ಬಲ ಹಾಕಿ ತಿರುಗಿಸಿದರೆ ಪ್ಲಗ್ ಜೊತೆ ಹೆಡ್‌ನ ಥ್ರೆಡ್ಡೂ ಕಿತ್ತುಕೊಂಡು ಬರಬಹುದು. ಈಗಷ್ಟೇ ಓಡಿಸಿ ಬಂದಿದ್ದರೆ ಎರಡು ಮೂರು ಗಂಟೆ ಬಿಡಿ, ಊಟ ಮಾಡಿ ಬನ್ನಿ. ಗಾಡಿ ಸಮತಟ್ಟಾದ ಜಾಗದಲ್ಲಿರಲಿ, ಹ್ಯಾಂಡ್‌ಬ್ರೇಕ್ ಎಳೆದಿರಲಿ, ಕೀ ನಿಮ್ಮ ಜೇಬಿನಲ್ಲಿರಲಿ. ಮನೆಯಲ್ಲಿ ಮಕ್ಕಳಿದ್ದರೆ ಈ ಕೊನೆಯ ಮಾತು ಮರೆಯಬೇಡಿ.

ಬಾನೆಟ್ ಎತ್ತಿದರೆ ಡಿಸ್ಟ್ರಿಬ್ಯೂಟರ್ ಕ್ಯಾಪ್‌ನಿಂದ ನಾಲ್ಕು ದಪ್ಪ ವಯರ್ ಹೊರಡುವುದು ಕಾಣುತ್ತದೆ. ನಡುವಿನದ್ದು ಕಾಯಿಲ್‌ಗೆ, ಉಳಿದ ಮೂರು ಪ್ಲಗ್‌ಗಳಿಗೆ. ಆ ಮೂರಕ್ಕೆ 1, 2, 3 ಅಂತ ಟೇಪ್ ಅಂಟಿಸಿ, ಟೈಮಿಂಗ್ ಬೆಲ್ಟ್ ಇರುವ ಕಡೆಯದು 1. ಟೇಪ್ ಅಂಟಿಸುವುದು ಅತಿ ಅನ್ನಿಸಿದರೆ ಇನ್ನೂ ಸುಲಭದ ದಾರಿ ಇದೆ, ಒಂದು ವಯರ್ ತೆಗೆದು ಆ ಪ್ಲಗ್ ಕೆಲಸ ಪೂರ್ತಿ ಮುಗಿಸಿ, ವಯರ್ ವಾಪಸ್ ಹಾಕಿ, ಆಮೇಲೆ ಮುಂದಿನದು ಮುಟ್ಟಿ. ನಾನು ಮೊದಲ ಸಲ ಎರಡೂ ಮಾಡಲಿಲ್ಲ. ಮೂರನ್ನೂ ಒಟ್ಟಿಗೆ ಕಿತ್ತು, ಟೀ ಕುಡಿದು ಬಂದು, ಉದ್ದ ನೋಡಿ ಅಂದಾಜಿನ ಮೇಲೆ ಚುಚ್ಚಿದೆ. ಎರಡು ಅದಲು ಬದಲಾಗಿದ್ದವು. ಈ ಎಂಜಿನ್‌ನಲ್ಲಿ ಕಿಡಿಯ ಸರದಿ 1-3-2. ಅದು ತಪ್ಪಿದ ಮೇಲೆ ಸೆಲ್ಫ್ ಹೊಡೆದರೆ ಕಾರ್ಬುರೇಟರ್ ಒಳಗಿಂದ ಪಟಾಕಿ ಸಿಡಿದ ಹಾಗೆ ಢಬ್ ಅಂತು. ಪಕ್ಕದ ಮನೆ ಅಜ್ಜಿ ಕಾಂಪೌಂಡ್ ಮೇಲಿಂದ ಇಣುಕಿ "ಏನಪ್ಪಾ ಅದು, ಎಲ್ಲಾ ಸರಿ ಇದೆಯಾ" ಅಂತ ಕೇಳಿದರು. ಸರಿ ಇರಲಿಲ್ಲ.

ವಯರ್ ಕೀಳುವಾಗ ವಯರ್ ಹಿಡಿದು ಎಳೆಯಬೇಡಿ, ಒಳಗಿನ ಎಳೆ ತುಂಡಾಗುತ್ತದೆ, ಹೊರಗೆ ಗೊತ್ತೇ ಆಗುವುದಿಲ್ಲ. ರಬ್ಬರ್ ಟೋಪಿಯನ್ನೇ ಹಿಡಿದು, ಬಾಟಲಿ ಮುಚ್ಚಳದ ಹಾಗೆ ಆ ಕಡೆ ಈ ಕಡೆ ತಿರುಗಿಸಿ, ಅದು ಬಿಟ್ಟುಕೊಂಡ ಮೇಲೆ ಎತ್ತಿ. ಈಗ ಪ್ಲಗ್ ಸುತ್ತ ಇರುವ ಧೂಳು, ಮರಳು, ಒಣಗಿದ ಎಲೆ ಎಲ್ಲ ಬ್ರಷ್‌ನಿಂದ ಸಡಿಲ ಮಾಡಿ ಸೈಕಲ್ ಪಂಪ್‌ನಿಂದ ಊದಿ. ನಮ್ಮ ಗಾಡಿ ನಿಲ್ಲುವುದು ಹೊಂಗೆ ಮರದ ಕೆಳಗೆ, ಬೇಸಿಗೆಯಲ್ಲಿ ಹೂ ಉದುರಿ ಎಲ್ಲಾ ಸಂದಿನಲ್ಲೂ ತುಂಬಿರುತ್ತದೆ. ಪ್ಲಗ್ ಬಿಚ್ಚಿದ ಮೇಲೆ ಅಲ್ಲಿ ಉಳಿಯುವುದು ಸಿಲಿಂಡರ್‌ಗೆ ನೇರ ತೂತು. ಒಂದು ಮರಳು ಕಾಳು ಒಳಗೆ ಬಿದ್ದರೆ ಸಿಲಿಂಡರ್ ಗೋಡೆಯನ್ನು ಕೆರೆಯುತ್ತದೆ. ಊದುವಾಗ ಕಣ್ಣು ಮುಚ್ಚಿಕೊಳ್ಳಿ, ಧೂಳು ನೇರ ಮುಖಕ್ಕೇ ಬರುತ್ತದೆ.

ಸ್ಪ್ಯಾನರ್ ಪೂರ್ತಿ ಕೆಳಗೆ ಕೂತಿದೆಯಾ ಅಂತ ಕೈಯಲ್ಲಿ ಅಲ್ಲಾಡಿಸಿ ನೋಡಿ. ಓರೆಯಾಗಿ ಕೂತರೆ ಪಿಂಗಾಣಿ ಚಟ್ ಅಂತ ಒಡೆಯುತ್ತದೆ. ಎಡಕ್ಕೆ, ಅಂದರೆ ಗಡಿಯಾರದ ಮುಳ್ಳಿಗೆ ವಿರುದ್ಧ ತಿರುಗಿಸಿ. ಮೊದಲು ಒಂದು ಕಟಕ್ ಅಂತ ಬಿಟ್ಟುಕೊಂಡು ಆಮೇಲೆ ಸಲೀಸಾಗಿ ಬರಬೇಕು. ಹಾಗಾಗದೆ ಕಿರ್ ಕಿರ್ ಅಂತ ಬಿಗಿಯಾಗೇ ಬರುತ್ತಿದ್ದರೆ ನಿಲ್ಲಿಸಿ. ತುಕ್ಕು ಬಿಡಿಸುವ ಸ್ಪ್ರೇಯನ್ನು ಬುಡಕ್ಕೆ ಸ್ವಲ್ಪ ಹೊಡೆದು, ಅರ್ಧ ಗಂಟೆ ಬಿಟ್ಟು, ಕಾಲು ಸುತ್ತು ಬಿಚ್ಚಿ, ಅಷ್ಟೇ ವಾಪಸ್ ಬಿಗಿ ಮಾಡಿ, ಮತ್ತೆ ಕಾಲು ಸುತ್ತು ಬಿಚ್ಚಿ, ಹೀಗೆ ಹಿಂದೆ ಮುಂದೆ ಮಾಡುತ್ತಾ ಹೊರಗೆ ತನ್ನಿ. ಒಂದು ಪ್ಲಗ್‌ಗೆ ಇಪ್ಪತ್ತು ನಿಮಿಷ ಹೋದರೂ ಹೋಗಲಿ. ಅಡ್ಡಕಡ್ಡಿಗೆ ಪೈಪ್ ತೂರಿಸಿ ಬಲ ಹಾಕುವ ಯೋಚನೆ ಬಂದರೆ ಆ ದಿನ ಕೆಲಸ ನಿಲ್ಲಿಸಿಬಿಡಿ.

ಬಿಚ್ಚಿದ್ದನ್ನು ಪೇಪರ್ ಮೇಲೆ 1, 2, 3 ಬರೆದು ಸಾಲಾಗಿ ಇಡಿ. ನನ್ನ ಪ್ರಕಾರ ಇಡೀ ಕೆಲಸದಲ್ಲಿ ಮಜಾ ಇರುವುದು ಇಲ್ಲೇ, ಗ್ಯಾರೇಜಿಗೆ ಕೊಟ್ಟರೆ ನಮಗೆ ತಪ್ಪಿಹೋಗುವುದೂ ಇದೇ. ಅವರು ಹಳೇ ಪ್ಲಗ್ ಮೂಲೆಗೆ ಎಸೆಯುತ್ತಾರೆ, ನಮಗೆ ಬಿಲ್ ಮಾತ್ರ ಸಿಗುತ್ತದೆ. ವೈದ್ಯರು ನಾಲಿಗೆ ಚಾಚು ಅಂತಾರಲ್ಲ, ಎಂಜಿನ್‌ನ ನಾಲಿಗೆ ಇದು. ಬಿಳಿ ಪಿಂಗಾಣಿ ಮೂಗು ತಿಳಿ ಕಂದು ಬಣ್ಣಕ್ಕೆ, ಹಾಲು ಜಾಸ್ತಿ ಹಾಕಿದ ಕಾಫಿಯ ಬಣ್ಣಕ್ಕೆ ಇದ್ದರೆ ಆ ಸಿಲಿಂಡರ್ ಆರೋಗ್ಯವಾಗಿದೆ. ಒಣ ಕಪ್ಪು ಮಸಿ, ಬೆರಳಿಟ್ಟರೆ ಕಾಡಿಗೆ ಥರ ಅಂಟುತ್ತದೆ ಅಂದರೆ ಪೆಟ್ರೋಲ್ ಜಾಸ್ತಿ ಹೋಗುತ್ತಿದೆ. ಏರ್ ಫಿಲ್ಟರ್ ಕಟ್ಟಿಕೊಂಡಿರಬಹುದು, ಚೋಕ್ ಕೇಬಲ್ ಪೂರ್ತಿ ವಾಪಸ್ ಹೋಗದೆ ಇರಬಹುದು. ಚೋಕ್ ಎಳೆದಿದ್ದು ಮರೆತು ಊರೆಲ್ಲ ಸುತ್ತುವವರೂ ಇದ್ದಾರೆ, ನಾನು ಹೆಸರು ಹೇಳುವುದಿಲ್ಲ, ನಮ್ಮ ಮನೆಯವರೇ.

ಕಪ್ಪೇ ಆದರೂ ಒದ್ದೆಯಾಗಿ, ಜಿಡ್ಡಾಗಿ ಹೊಳೆಯುತ್ತಿದ್ದರೆ ಅದು ಆಯಿಲ್. ಪಿಸ್ಟನ್ ರಿಂಗ್ ಸವೆದಿರಬಹುದು, ಅಥವಾ ವಾಲ್ವ್ ಸೀಲ್ ಗಟ್ಟಿಯಾಗಿರಬಹುದು. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಮಾತ್ರ ಒಂದು ಗುಕ್ಕು ನೀಲಿ ಹೊಗೆ ಬಂದು ನಿಂತರೆ ಹೆಚ್ಚಾಗಿ ಸೀಲ್, ಏರು ಹತ್ತುವಾಗ ಒಂದೇ ಸಮ ಬಂದರೆ ರಿಂಗ್. ಹೊಸ ಪ್ಲಗ್ ಇದನ್ನು ಸರಿ ಮಾಡುವುದಿಲ್ಲ, ಸ್ವಲ್ಪ ದಿನ ಮರೆಸುತ್ತದೆ ಅಷ್ಟೇ. ಪೆಟ್ರೋಲ್ ವಾಸನೆ ಬರುವ ಒದ್ದೆ ಪ್ಲಗ್ ಅಂದರೆ ಅಲ್ಲಿ ಕಿಡಿಯೇ ಬರುತ್ತಿಲ್ಲ, ವಯರ್ ನೋಡಿ. ಸುಣ್ಣ ಬಳಿದ ಹಾಗೆ ಬೆಳ್ಳಗಿದ್ದು ಸಣ್ಣ ಗುಳ್ಳೆ ಎದ್ದಿದ್ದರೆ ಜಾಗ್ರತೆ, ಅತಿ ಬಿಸಿಯಾಗುತ್ತಿದೆ. ಪೆಟ್ರೋಲ್ ಕಡಿಮೆ ಗಾಳಿ ಜಾಸ್ತಿ ಆಗಿರಬಹುದು, ಟೈಮಿಂಗ್ ಮುಂದೆ ಹೋಗಿ ಕಿಡಿ ಬೇಗ ಬರುತ್ತಿರಬಹುದು, ಕಾರ್ಬುರೇಟರ್ ಕೆಳಗಿನ ಗ್ಯಾಸ್ಕೆಟ್‌ನಲ್ಲಿ ಗಾಳಿ ಸೋರುತ್ತಿರಬಹುದು. ಈಗ ಬಂಕ್‌ಗಳಲ್ಲಿ ಸಿಗುವ ಶೇ. 20 ಎಥನಾಲ್ ಬೆರೆಸಿದ ಪೆಟ್ರೋಲ್‌ನಲ್ಲಿ ಆಮ್ಲಜನಕ ಇರುವುದರಿಂದ ಕಾರ್ಬುರೇಟರ್ ಗಾಡಿಯಲ್ಲಿ ಮಿಶ್ರಣ ಸ್ವಲ್ಪ ತೆಳುವಾಗುತ್ತದೆ, ಬಣ್ಣ ಮೊದಲಿಗಿಂತ ಒಂದು ಛಾಯೆ ಬಿಳಿಚಿಕೊಂಡರೆ ಗಾಬರಿ ಬೇಡ. ಗುಳ್ಳೆ ಎದ್ದರೆ ಗಾಬರಿ ಬೀಳಿ.

ನನ್ನ ಗಾಡಿಯಲ್ಲಿ 1 ಮತ್ತು 3 ಕಂದು, 2 ಒಣ ಕಪ್ಪು. ಮೂರೂ ಕಪ್ಪಾಗಿದ್ದರೆ ಕಾರ್ಬುರೇಟರ್ ಕಡೆ ಅನುಮಾನ, ಯಾಕೆಂದರೆ ಅದು ಮೂರಕ್ಕೂ ಒಂದೇ. ಒಂದೇ ಕಪ್ಪಾಗಿದ್ದರಿಂದ ಆ ಒಂದರ ವಯರ್, ಪ್ಲಗ್ ಮೇಲೆ ಅನುಮಾನ. ಕೊಕ್ಕೆಯ ಮೂಲೆಗಳೂ ಸವೆದು ಉರುಟಾಗಿದ್ದವು. ಸಂದು ಅಳೆದರೆ 1 ಮಿ.ಮೀ.ಗಿಂತ ಜಾಸ್ತಿ ಬಂತು.

ಕೆಲವರು ಹಳೇ ಪ್ಲಗ್ಗನ್ನೇ ಪೆಟ್ರೋಲ್‌ನಲ್ಲಿ ತೊಳೆದು, ಎಮರಿ ಪೇಪರ್ ಹಾಕಿ ಉಜ್ಜಿ ಮತ್ತೆ ಹಾಕುತ್ತಾರೆ. ಮಸಿ ಹಿಡಿದು ದಾರಿಯಲ್ಲಿ ನಿಂತಾಗ ಮನೆ ಸೇರಲು ಅದು ಸರಿ. ಆದರೆ ಸವೆದ ಲೋಹ ಉಜ್ಜಿದರೆ ವಾಪಸ್ ಬರುವುದಿಲ್ಲ, ಅಲ್ವಾ?

ಹೊಸ ಪ್ಲಗ್ ಡಬ್ಬಿಯಿಂದ ತೆಗೆದ ತಕ್ಷಣ ಹಾಕಬೇಡಿ, ಗ್ಯಾಪ್ ಅಳೆಯಿರಿ. ಕಾರ್ಬುರೇಟರ್ 800ಕ್ಕೆ 0.7ರಿಂದ 0.8 ಮಿ.ಮೀ. ಎಂಪಿಎಫ್‌ಐ ಗಾಡಿಗೆ ಇದಕ್ಕಿಂತ ಜಾಸ್ತಿ, ಅದನ್ನು ಪುಸ್ತಕ ನೋಡಿಯೇ ಇಡಿ. 0.7ರ ಫೀಲರ್ ಸಲೀಸಾಗಿ ಹೋಗಬೇಕು, 0.8 ಸ್ವಲ್ಪ ಹಿಡಿದುಕೊಂಡು ಹೋಗಬೇಕು, 0.9 ಹೋಗಬಾರದು. ಹಳೇ ಮೆಕ್ಯಾನಿಕ್‌ಗಳು ಹ್ಯಾಕ್ಸಾ ಬ್ಲೇಡ್ ತೂರಿಸಿ "ಸರಿ ಇದೆ" ಅಂದುಬಿಡುತ್ತಾರೆ. ಬ್ಲೇಡ್‌ನ ದಪ್ಪ ಸುಮಾರು 0.65 ಮಿ.ಮೀ. ಮಾತ್ರ, ಹಾಗಾಗಿ ಅದು ಬಿಗಿಯಾಗಿ ಕೂತರೆ ಸಂದು ಕಡಿಮೆಯೇ ಆಯಿತು. ಸಂದು ಜಾಸ್ತಿ ಇದ್ದರೆ ಕೊಕ್ಕೆಯನ್ನು ಸ್ಪ್ಯಾನರ್ ಹಿಡಿಯಿಂದ ಮೆಲ್ಲಗೆ ಕುಟ್ಟಿ, ಕಡಿಮೆ ಇದ್ದರೆ ಕೊಕ್ಕೆಯನ್ನಷ್ಟೇ ಹಿಡಿದು ಒಂದು ಎಳೆ ಎತ್ತಿ. ನಡುವಿನ ಕಡ್ಡಿಗೆ ಆನಿಸಿ ಮೀಟಬೇಡಿ, ಪಿಂಗಾಣಿ ಬಿರುಕು ಬಿಡುತ್ತದೆ. ಇರಿಡಿಯಮ್ ಆಗಿದ್ದರೆ ಆ ತುದಿ ದಾರದಷ್ಟು ಸಣ್ಣ, ಅದನ್ನು ಮುಟ್ಟಲೇಬೇಡಿ. ಕೈ ಜಾರಿ ಸಿಮೆಂಟ್ ನೆಲಕ್ಕೆ ಬಿದ್ದ ಪ್ಲಗ್ ಹೊರಗೆ ಚೆನ್ನಾಗೇ ಕಂಡರೂ ಹಾಕಬೇಡಿ.

ಈಗ ಹಾಕುವುದು. ಇಲ್ಲಿ ಒಂದು ಕಥೆ ಹೇಳಲೇಬೇಕು. ಸುಮಾರು ವರ್ಷದ ಹಿಂದೆ ಒಂದು ಗ್ಯಾರೇಜಿನಲ್ಲಿ ಸರ್ವೀಸ್‌ಗೆ ಬಿಟ್ಟಿದ್ದೆವು. ಹೊಸ ಹುಡುಗ, ಸಂಜೆಯ ಅವಸರ, ಪ್ಲಗ್ಗನ್ನು ಸ್ಪ್ಯಾನರ್‌ಗೆ ಸಿಕ್ಕಿಸಿ ನೇರ ತಿರುಗಿಸಿದ್ದಾನೆ. ಓರೆಯಾಗಿ ಹೋಗಿದೆ. ಬಿಗಿ ಅನ್ನಿಸಿದ್ದಕ್ಕೆ ಇನ್ನಷ್ಟು ಬಲ ಹಾಕಿದ್ದಾನೆ. ಒಂದು ತಿಂಗಳು ಏನೂ ಆಗಲಿಲ್ಲ. ಆಮೇಲೆ ತಿಪಟೂರಿನಿಂದ ಅರಸೀಕೆರೆ ಕಡೆ ಹೋಗುವಾಗ ಬಾನೆಟ್ ಒಳಗೆ ಢಂ ಅಂತ ಸದ್ದು, ಅದರ ಹಿಂದೆಯೇ ಟ್ರ್ಯಾಕ್ಟರ್ ಥರ ಫಟ ಫಟ ಫಟ. ನಿಲ್ಲಿಸಿ ನೋಡಿದರೆ ಪ್ಲಗ್ ಕಿತ್ತುಕೊಂಡು ಹೊರಗೆ ಬಂದು ವಯರ್‌ಗೆ ನೇತಾಡುತ್ತಿದೆ, ಅದರ ಥ್ರೆಡ್ ತುಂಬಾ ಅಲ್ಯೂಮಿನಿಯಮ್ ಸುರುಳಿ. ಹೆಡ್ ಇಳಿಸಿ, ಲೇತ್ ಅಂಗಡಿಗೆ ಒಯ್ದು, ತೂತು ದೊಡ್ಡದು ಮಾಡಿ, ಹೆಲಿಕಾಯಿಲ್ ಅನ್ನುವ ಉಕ್ಕಿನ ಸುರುಳಿ ಕೂರಿಸಿ, ಹೊಸ ಹೆಡ್ ಗ್ಯಾಸ್ಕೆಟ್ ಹಾಕಿ, ಆಯಿಲ್ ಕೂಲೆಂಟ್ ಎಲ್ಲ ಬದಲಿಸಿ ಗಾಡಿ ಮನೆಗೆ ಬರುವಷ್ಟರಲ್ಲಿ ನೂರು ರೂಪಾಯಿಯ ಪ್ಲಗ್ ಸಾವಿರಾರು ರೂಪಾಯಿ ತಿಂದಿತ್ತು.

ಆ ರಬ್ಬರ್ ಪೈಪ್ ಬೇಕಾಗುವುದು ಇದಕ್ಕೇ. ಪ್ಲಗ್‌ನ ತಲೆಯನ್ನು ಪೈಪಿನ ತುದಿಗೆ ಸಿಕ್ಕಿಸಿ, ತೂತಿನ ಮೇಲೆ ನೇರ ಇಳಿಸಿ. ಮೊದಲು ಎಡಕ್ಕೆ, ಬಿಚ್ಚುವ ದಿಕ್ಕಿಗೆ, ಮೆಲ್ಲಗೆ ತಿರುಗಿಸಿ. ಒಂದು ಕಡೆ ಸಣ್ಣಗೆ ಟಕ್ ಅಂತ ಕೆಳಗೆ ಕೂತ ಹಾಗೆ ಕೈಗೆ ಗೊತ್ತಾಗುತ್ತದೆ, ಥ್ರೆಡ್‌ನ ಬಾಯಿ ಸೇರಿದ್ದು ಅಲ್ಲಿ. ಅಲ್ಲಿಂದ ಬಲಕ್ಕೆ ತಿರುಗಿಸುತ್ತಾ ಹೋಗಿ. ಥ್ರೆಡ್ ಸರಿಯಾಗಿ ಹಿಡಿದಿದ್ದರೆ ಪ್ಲಗ್ ತಾನಾಗಿಯೇ ಕೆಳಗೆ ಹೋಗುತ್ತದೆ. ಓರೆಯಾಗಿದ್ದರೆ ರಬ್ಬರ್ ಜಾರುತ್ತದೆ, ತಿರುಗಿಸುವುದಿಲ್ಲ. ಅದಕ್ಕೇ ರಬ್ಬರ್, ಅದಕ್ಕೆ ಹಾಳು ಮಾಡುವಷ್ಟು ಬಲವೇ ಇಲ್ಲ. ಜಾರಿದರೆ ಬಿಚ್ಚಿ, ಮೊದಲಿಂದ ಶುರು ಮಾಡಿ. ಪ್ಲಗ್ ಪೂರ್ತಿ ಕೆಳಗೆ ಹೋಗಿ ವಾಷರ್ ಹೆಡ್‌ಗೆ ತಾಗುವವರೆಗೆ ಸ್ಪ್ಯಾನರ್ ಪೆಟ್ಟಿಗೆಯಲ್ಲೇ ಇರಲಿ.

ತಾಗಿದ ಮೇಲೆ ಸ್ಪ್ಯಾನರ್ ಹಾಕಿ ಅರ್ಧ ಸುತ್ತು, ಅಂದರೆ ಗಡಿಯಾರದಲ್ಲಿ 12ರಿಂದ 6ಕ್ಕೆ. ಹೆಚ್ಚೆಂದರೆ 8ಕ್ಕೆ. ಹೊಸ ವಾಷರ್ ಟೊಳ್ಳು ಇರುತ್ತದೆ, ಈ ಅರ್ಧ ಸುತ್ತಿನಲ್ಲಿ ಅದು ಚಪ್ಪಟೆಯಾಗಿ ಗಾಳಿ ಸೋರದ ಹಾಗೆ ಕೂರುತ್ತದೆ. ಹಳೇ ಪ್ಲಗ್ಗನ್ನೇ ವಾಪಸ್ ಹಾಕುತ್ತಿದ್ದರೆ ವಾಷರ್ ಆಗಲೇ ಚಪ್ಪಟೆಯಾಗಿದೆ, 12ರಿಂದ 1ಕ್ಕೆ ಸಾಕು. ಟಾರ್ಕ್ ರೆಂಚ್ ಇರುವವರು 25 ನ್ಯೂಟನ್ ಮೀಟರ್ ಇಡಿ, 30 ದಾಟಬೇಡಿ. ಥ್ರೆಡ್‌ಗೆ ಗ್ರೀಸ್ ಬಳಿಯಬೇಕಾ ಅಂತ ಕೇಳುತ್ತಾರೆ. ಬೇಡ. ಈಗಿನ ಪ್ಲಗ್‌ಗಳ ಥ್ರೆಡ್‌ಗೆ ಲೇಪ ಇದ್ದೇ ಇರುತ್ತದೆ. ಗ್ರೀಸ್ ಹಾಕಿದರೆ ಅದೇ ಬಲಕ್ಕೆ ಪ್ಲಗ್ ಇನ್ನೂ ಒಳಗೆ ಹೋಗಿ ಥ್ರೆಡ್ ಹಿಗ್ಗುತ್ತದೆ.

ರಬ್ಬರ್ ಟೋಪಿಯನ್ನು ನೇರವಾಗಿ ಒತ್ತಿ, ಕ್ಲಿಕ್ ಅಂತ ಕೂರಬೇಕು. ಮೂರೂ ಆದ ಮೇಲೆ ಟೂಲ್ಸ್ ಎಣಿಸಿ, ಎಂಜಿನ್ ಮೇಲೆ ಬಟ್ಟೆ ಚೂರು ಉಳಿದಿಲ್ಲ ತಾನೆ ಅಂತ ನೋಡಿ ಸ್ಟಾರ್ಟ್ ಮಾಡಿ. ಮೊದಲ ಐದಾರು ಸೆಕೆಂಡ್ ತಡಬಡಾಯಿಸಿದರೆ ಪರವಾಗಿಲ್ಲ. ಆಮೇಲೂ ನಡುಗುತ್ತಿದ್ದರೆ ಆಫ್ ಮಾಡಿ, ಟೋಪಿಗಳನ್ನು ಇನ್ನೊಮ್ಮೆ ಒತ್ತಿ, ನಂಬರ್ ನೋಡಿ. ಹತ್ತರಲ್ಲಿ ಎಂಟು ಸಲ ತಪ್ಪು ಅಲ್ಲೇ. ಚುಸ್ ಚುಸ್ ಅಂತ ಗಾಳಿ ಸದ್ದು ಬಂದರೆ ಯಾವುದೋ ಪ್ಲಗ್ ಸಡಿಲ ಇದೆ, ಎಂಜಿನ್ ತಣ್ಣಗಾದ ಮೇಲೆ ಬಿಗಿ ಮಾಡಿ. ಯಾವ ಸಿಲಿಂಡರ್ ಸತ್ತಿದೆ ಅಂತ ತಿಳಿಯಲು ಓಡುವ ಎಂಜಿನ್‌ನಲ್ಲಿ ಒಂದೊಂದೇ ವಯರ್ ಕಿತ್ತು ನೋಡುವ ಹಳೇ ವಿದ್ಯೆ ಇದೆಯಲ್ಲ, ಅದನ್ನು ಎಂಪಿಎಫ್‌ಐ ಗಾಡಿಯಲ್ಲಿ ಮಾಡಬೇಡಿ. ಹತ್ತದ ಪೆಟ್ರೋಲ್ ಹೋಗಿ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಸುಡುತ್ತದೆ, ಎಲೆಕ್ಟ್ರಾನಿಕ್ಸ್‌ಗೂ ಏಟು.

ನಮ್ಮದು ಸ್ಟಾರ್ಟ್ ಆಯಿತು, ಸ್ಟಿಯರಿಂಗ್ ನಡುಕ ನಿಂತಿತು, ಮರುದಿನ ಎಮಿಷನ್ ಚೀಟಿಯೂ ಸಿಕ್ಕಿತು. ಆದರೆ ಕೆಲಸ ಮುಗಿದಿಲ್ಲ, ಆ 2ನೇ ಸಿಲಿಂಡರ್ ಯಾಕೆ ಕಪ್ಪಾಗಿತ್ತು ಅಂತ ಪೂರ್ತಿ ಗೊತ್ತಾಗಿಲ್ಲ. ಅದಕ್ಕೇ 500 ಕಿ.ಮೀ. ಓಡಿಸಿದ ಮೇಲೆ, ಅದೂ ಹೈವೇಯಲ್ಲಿ ಒಂದರ್ಧ ಗಂಟೆ ಓಡಿಸಿ ನಿಲ್ಲಿಸಿ, ಮರುದಿನ ಬೆಳಿಗ್ಗೆ ಆ ಒಂದು ಪ್ಲಗ್ ಬಿಚ್ಚಿ ನೋಡಿದೆ. ಹಾಲು ಕಾಫಿ ಬಣ್ಣ. ಕಪ್ಪೇ ಆಗಿದ್ದರೆ 2 ಮತ್ತು 3ರ ಪ್ಲಗ್ ಅದಲು ಬದಲು ಮಾಡಿ ಇನ್ನೊಂದು 500 ಓಡಿಸುವುದು ಅಂದುಕೊಂಡಿದ್ದೆ, ವಯರ್ ಮಾತ್ರ ಅದರದರ ಜಾಗದಲ್ಲೇ. ಕಪ್ಪು ಪ್ಲಗ್ ಜೊತೆ ಹೋದರೆ ಪ್ಲಗ್ ಕೆಟ್ಟದ್ದು, 2ರಲ್ಲೇ ಉಳಿದರೆ ಆ ವಯರ್ ಅಥವಾ ವಾಲ್ವ್ ಕಡೆ ಹುಡುಕಬೇಕು. ಈಗ ಬಾನೆಟ್ ಒಳಗಡೆ ಟೇಪ್ ಮೇಲೆ ತಾರೀಖು, ಕಿ.ಮೀ. ಬರೆದು ಅಂಟಿಸಿದ್ದೇನೆ, ಹಳೇ ಮೂರರಲ್ಲಿ ಚೆನ್ನಾಗಿದ್ದ ಒಂದನ್ನು ಸ್ಪ್ಯಾನರ್, ಪೈಪ್ ಚೂರಿನ ಜೊತೆ ಬಟ್ಟೆಯಲ್ಲಿ ಸುತ್ತಿ ಡಿಕ್ಕಿಯಲ್ಲಿ ಇಟ್ಟಿದ್ದೇನೆ.